ಕ್ಯುಸೆಕ್ ಬೇರೆ, ಟಿಎಂಸಿ ಬೇರೆ

ಕೆಆರ್‌ಎಸ್ ಭರ್ತಿಯಾದರೆ 124.80 ಅಡಿ, ಸುಮಾರು 49 ಟಿಎಂಸಿ. ಶ್ರೀರಂಗಪಟ್ಟಣ, ಪಾಂಡವಪುರದ ರೈತರಿಗೆ ಈ ಲೆಕ್ಕ ಬಾಯಿಪಾಠ. ಹೇಮಾವತಿ ನಾಲೆಯನ್ನು ನಂಬಿದ ಕೆ.ಆರ್.ಪೇಟೆ, ನಾಗಮಂಗಲದವರಿಗೂ ಅಷ್ಟೇ. ಟಿಎಂಸಿ ಒಟ್ಟು ನೀರಿನ ಅಳತೆ; ಕ್ಯುಸೆಕ್ ಸೆಕೆಂಡಿಗೆ ಹರಿಯುವ ನೀರಿನದು. ನಾಲೆಗೆ 1,000 ಕ್ಯುಸೆಕ್ ಬಿಟ್ಟರೆ ಒಂದು ಟಿಎಂಸಿ ಹರಿಯಲು ಹನ್ನೊಂದೂವರೆ ದಿನ ಹಿಡಿಯುತ್ತದೆ.

ವೆಬ್‌ಸೈಟ್ ಇಡಲು ಸರ್ವರ್‌ನಲ್ಲಿ ಜಾಗ ಬಾಡಿಗೆಗೆ ಪಡೆಯುವವರು ಈ ವ್ಯತ್ಯಾಸವನ್ನೇ ಮರೆಯುತ್ತಾರೆ. ಎಷ್ಟೋ ಜಾಹೀರಾತುಗಳಲ್ಲಿ 'ಬ್ಯಾಂಡ್‌ವಿಡ್ತ್ 300 ಜಿಬಿ' ಎಂದಿರುತ್ತದೆ. ಅದು ತಿಂಗಳ ಒಟ್ಟು ಡೇಟಾ, ಅಂದರೆ ಟಿಎಂಸಿ. ನಿಜವಾದ ಬ್ಯಾಂಡ್‌ವಿಡ್ತ್ ಎಂಬಿಪಿಎಸ್, ನಮ್ಮ ಕ್ಯುಸೆಕ್. ಸೆಕೆಂಡಿಗೆ 1 ಮೆಗಾಬಿಟ್‌ನಂತೆ 30 ದಿನ ಎಡೆಬಿಡದೆ ಹರಿದರೆ 324 ಜಿಬಿ ಆಗುತ್ತದೆ.

ನಾಗಮಂಗಲದ ಒಂದು ಕಾಲೇಜು ತನ್ನ ಫಲಿತಾಂಶವನ್ನು ಸ್ವಂತ ವೆಬ್‌ಸೈಟ್‌ನಲ್ಲಿ ಹಾಕುತ್ತದೆ ಎಂದಿಟ್ಟುಕೊಳ್ಳಿ. ಪುಟದ ಗಾತ್ರ 2 ಎಂಬಿ. ಒಂದೇ ನಿಮಿಷದಲ್ಲಿ 500 ಜನ ತೆರೆದರೆ ಹೋಗುವ ಡೇಟಾ 1 ಜಿಬಿ ಮಾತ್ರ. 300 ಜಿಬಿಯಲ್ಲಿ ಅದು ಯಾವ ಲೆಕ್ಕ? ಆದರೆ ಆ ನಿಮಿಷಕ್ಕೆ ಬೇಕಾದ ವೇಗ 133 ಎಂಬಿಪಿಎಸ್. ತೂಬು ಅಷ್ಟು ದೊಡ್ಡದಿಲ್ಲದಿದ್ದರೆ ಅಣೆಕಟ್ಟೆ ತುಂಬಿದ್ದರೂ ಗದ್ದೆ ಒಣಗುತ್ತದೆ. ಮಕ್ಕಳು ಮೊಬೈಲ್ ಹಿಡಿದು ಕಾಯುತ್ತಾ ಕೂರುತ್ತಾರೆ.

ಶೇರ್ಡ್ ಹೋಸ್ಟಿಂಗ್‌ನಲ್ಲಂತೂ ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟುಗಳಿರಬಹುದು. ನಾಲೆಯ ಮೇಲ್ಭಾಗದವರು ಹೆಚ್ಚು ನೀರು ಎಳೆದರೆ ಕೊನೆಭಾಗದ ರೈತರಿಗೆ ಏನಾಗುತ್ತದೆ ಎಂದು ಮಂಡ್ಯದಲ್ಲಿ ವಿವರಿಸಬೇಕಿಲ್ಲ. 'ಅನ್‌ಲಿಮಿಟೆಡ್' ಪ್ಲಾನುಗಳಲ್ಲೂ ಪ್ರೊಸೆಸರ್ ಬಳಕೆಗೆ ಮಿತಿ ಇರುವುದೇ ಹೆಚ್ಚು. ಡೇಟಾ ಮುಗಿಯುವ ಮೊದಲೇ ಅದು ಅಡ್ಡ ಬರುತ್ತದೆ.

ಡೇಟಾ ಸೆಂಟರಿನಲ್ಲಿ ಸ್ವಂತ ಸರ್ವರ್ ಇಡುವವರ ಬಿಲ್ಲಿನ ರೀತಿಯೇ ಬೇರೆ. ಅಲ್ಲಿ ಪ್ರತಿ 5 ನಿಮಿಷಕ್ಕೊಮ್ಮೆ ಹರಿವನ್ನು ಅಳೆಯುವ ಪದ್ಧತಿಯಿದೆ. 30 ದಿನಕ್ಕೆ 8,640 ಅಳತೆಗಳು. ಅವುಗಳಲ್ಲಿ ಅತಿ ಹೆಚ್ಚಿನ ಶೇ. 5ನ್ನು, ಅಂದರೆ 432 ಅಳತೆಗಳನ್ನು, ಕೈಬಿಟ್ಟು ಉಳಿದವುಗಳಲ್ಲಿ ದೊಡ್ಡದಕ್ಕೆ ಹಣ ಕಟ್ಟಿಸಿಕೊಳ್ಳುತ್ತಾರೆ. ಒಟ್ಟು 36 ಗಂಟೆಗಳ ಪ್ರವಾಹ ಲೆಕ್ಕಕ್ಕೇ ಬರುವುದಿಲ್ಲ! ಫಲಿತಾಂಶದ ದಿನದ ನೂಕುನುಗ್ಗಲು ಬಿಲ್ಲಿಗೆ ಹತ್ತುವುದೇ ಇಲ್ಲ. ದಿನವೂ ಸಂಜೆ ನಾಲ್ಕು ಗಂಟೆ ವೀಡಿಯೊ ಹರಿಸುವವರಿಗೆ ಮಾತ್ರ ಇದೇ ಪದ್ಧತಿ ದುಬಾರಿ, ಏಕೆಂದರೆ ತಿಂಗಳಿಗೆ ಅದು 120 ಗಂಟೆ. ಹಾಗಾಗಿ ಜಿಬಿಗೆ ಎಷ್ಟು ರೂಪಾಯಿ ಎಂದಷ್ಟೇ ಹೋಲಿಸುವುದು ತಪ್ಪು ಲೆಕ್ಕ.

ಖರ್ಚಿಲ್ಲದ ಉಪಾಯವೊಂದು ನಮ್ಮ ಕೈಯಲ್ಲೇ ಇದೆ. ಪುಟದ ಚಿತ್ರಗಳನ್ನು ಕುಗ್ಗಿಸಿ 2 ಎಂಬಿಯನ್ನು 200 ಕೆಬಿಗೆ ಇಳಿಸಿದರೆ ಅದೇ 500 ಜನಕ್ಕೆ ಸುಮಾರು 13 ಎಂಬಿಪಿಎಸ್ ಸಾಕು.

ಹಣ ಕಟ್ಟುವ ಮುನ್ನ ಕಂಪನಿಯವರನ್ನು ಕೇಳಿ: ತಿಂಗಳಿಗೆ ಎಷ್ಟು ಜಿಬಿ ಎಂದಲ್ಲ, ಜನ ಒಮ್ಮೆಲೇ ಬಂದಾಗ ಸೆಕೆಂಡಿಗೆ ಎಷ್ಟು ಹರಿಸುತ್ತೀರಿ ಎಂದು. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.