ಚೆಂಡು ಹೂ ಮೆಕ್ಸಿಕೋದ್ದು, ಕವಳಿ ನಮ್ಮದು

ದಸರೆಯ ಹಿಂದಿನ ದಿನ ಬೆಳಗಾವಿ ಮಾರ್ಕೆಟಿನಲ್ಲಿ ಚೆಂಡು ಹೂವಿನ ರಾಶಿಯ ಮುಂದೆ ನಿಂತು, ಈ ಹೂವಿನ ಮೂಲ ಮೆಕ್ಸಿಕೋ ಅಂದು ನೋಡಿ. "ಹಬ್ಬದ ಹೂ ನಮ್ದಲ್ದ ಮತ್ಯಾರ್ದ್ರೀ?" ಎಂಬ ಉತ್ತರ ಬರುತ್ತದೆ. ಪೂಜೆಗೆ ಏರುವ ಹೂವೆಲ್ಲ ಈ ನೆಲದ್ದೇ ಎಂಬ ನಂಬಿಕೆ ಅಷ್ಟು ಗಟ್ಟಿ. ಚೆಂಡು ಹೂ ಇತ್ತ ಬಂದದ್ದು ಯುರೋಪಿನ ಹಡಗುಗಳು ಅಮೆರಿಕ ಖಂಡಕ್ಕೆ ಓಡಾಡತೊಡಗಿದ ಮೇಲೆ. ಗುಡಿಯ ಅಂಗಳದ ದೇವಕಣಗಿಲೆಯೂ ಅದೇ ಖಂಡದ್ದು. ಸೇವಂತಿಗೆಯ ಮೂಲ ಚೀನಾ. ಕೆಂಪು ದಾಸವಾಳವಂತೂ ನಮ್ಮ ಯಾವ ಕಾಡಿನಲ್ಲೂ ತಾನಾಗಿ ಬೆಳೆದದ್ದಿಲ್ಲ.

ಬೆಳಗಾವಿ ಬಳಿಯ ಕಾಕತಿಯನ್ನೇ ತೆಗೆದುಕೊಳ್ಳಿ. ಕಿತ್ತೂರು ರಾಣಿ ಚೆನ್ನಮ್ಮ 1778ರಲ್ಲಿ ಹುಟ್ಟಿದ ಊರು. ಆಕೆ ಅಲ್ಲಿ ಆಡಿ ಬೆಳೆಯುವಾಗ ಚೆಂಡು ಹೂ ಇದ್ದಿರಬಹುದು. ಆದರೆ ಇಂದು ಕಂಪೌಂಡುಗಳ ಮೇಲೆಲ್ಲ ಚೆಲ್ಲಿಕೊಂಡಿರುವ ಕಾಗದದ ಹೂ ಇದ್ದಿರಲಾರದು. ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಮರ್ಸನ್ ಬ್ರೆಜಿಲ್‌ನಲ್ಲಿ ಅದನ್ನು ಕಂಡದ್ದೇ 1760ರ ದಶಕದಲ್ಲಿ. ಯುರೋಪಿನ ನರ್ಸರಿಗಳಿಗೆ ಅದು ಇಳಿಯುವಷ್ಟರಲ್ಲಿ 19ನೆಯ ಶತಮಾನ ಬಂದಿತ್ತು. ಬೇಲಿಗುಂಟ ಹಬ್ಬಿರುವ ಲಂಟಾನಾವನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದದ್ದೂ ಆ ಶತಮಾನದ ಆರಂಭದಲ್ಲಿ.

ಹಾಗಂತ ಚೆಂಡು ಹೂವನ್ನು ಕಿತ್ತೆಸೆಯುವ ಹುರುಪು ಬೇಡ. ಹೊರಗಿನದೆಲ್ಲ ಕೆಟ್ಟದ್ದು ಎನ್ನುವುದೂ ತಪ್ಪು ಕಲ್ಪನೆಯೇ. ಚೆಂಡು ಹೂ ಹಚ್ಚಿದಲ್ಲಿ ಇರುತ್ತದೆ, ಹಬ್ಬ ಮುಗಿದ ಮೇಲೆ ಒಣಗುತ್ತದೆ. ಲಂಟಾನಾ ಬೇಲಿ ದಾಟಿ ಕಾಡಿಗೇ ನುಗ್ಗಿತು. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಉದುರಿಸಿದವು. ಕೇಳಬೇಕಾದ್ದು ಗಿಡದ ಪಾಸ್‌ಪೋರ್ಟ್ ಅಲ್ಲ. ಅದು ಇಲ್ಲಿ ಯಾರ ಹೊಟ್ಟೆ ತುಂಬಿಸುತ್ತದೆ, ಯಾರ ಜಾಗ ಕಸಿಯುತ್ತದೆ ಎಂಬುದನ್ನು.

"ನಮ್ಮ ಗಿಡ ಎಲ್ಲಿ ಹಚ್ಚಿದ್ರೂ ಬರ್ತಾವ, ನೀರೂ ಬ್ಯಾಡ" ಎಂಬುದು ಇನ್ನೊಂದು ಮಾತು. ಬೆಳಗಾವಿ ಜಿಲ್ಲೆಯಲ್ಲಿ ಈ ಮಾತು ನಿಲ್ಲುವುದೇ ಇಲ್ಲ. ಬೆಳಗಾವಿ ನಗರಕ್ಕೆ ವರ್ಷಕ್ಕೆ ಸುಮಾರು 1,200ರಿಂದ 1,300 ಮಿ.ಮೀ. ಮಳೆ. ದಕ್ಷಿಣಕ್ಕೆ ಹೋದರೆ ಖಾನಾಪುರ, ಅಲ್ಲಿಂದ ಪಶ್ಚಿಮಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ. ಅಲ್ಲಿನ ಮಳೆ ನಗರದ ಮಳೆಗಿಂತ ಕೆಲವು ಪಟ್ಟು ಹೆಚ್ಚು, ನೆಲ ಜಂಬಿಟ್ಟಿಗೆ ಕಲ್ಲಿನ ಕೆಂಪು ಮಣ್ಣು. ಈಶಾನ್ಯಕ್ಕೆ ಅಥಣಿಯತ್ತ ಹೊರಟರೆ ಮಳೆ ಅರ್ಧಕ್ಕಿಳಿಯುತ್ತದೆ, ಎರೆ ಮಣ್ಣು ಸಿಗುತ್ತದೆ. ಅಥಣಿಯ ಬಯಲಿನ ತಂಗಡಿ ಕಣಕುಂಬಿಯ ಮಳೆಯಲ್ಲಿ ಬೇರು ಕೊಳೆತು ಸಾಯುತ್ತದೆ. ಖಾನಾಪುರದ ಹೊಳೆದಂಡೆಯ ಹೊಳೆದಾಸವಾಳ ಅಥಣಿಯ ಬೇಸಿಗೆಯಲ್ಲಿ ಬಾಡುತ್ತದೆ. ಎರಡೂ ಕರ್ನಾಟಕದ ಗಿಡಗಳೇ, ಆದರೆ ಗಿಡಕ್ಕೆ ರಾಜ್ಯದ ನಕ್ಷೆ ಗೊತ್ತಿಲ್ಲ. ಅಷ್ಟೇಕೆ, ಅದೇ ಹೊಳೆದಾಸವಾಳವನ್ನು ಮಹಾರಾಷ್ಟ್ರ ತಾಮ್ಹಣ ಎಂದು ಕರೆದು ತನ್ನ ರಾಜ್ಯ ಪುಷ್ಪ ಮಾಡಿಕೊಂಡಿದೆ. ಗಡಿ ತಂಟೆಯಲ್ಲಿ ಈ ಒಂದು ಮರವಾದರೂ ಎರಡೂ ಕಡೆ ನಿಶ್ಚಿಂತೆಯಿಂದ ಹೂ ಬಿಡುತ್ತದೆ.

ಕಾಕತಿ ಕಣಕುಂಬಿ, ಅಥಣಿಗಳ ನಡುವಿನ ಊರು. ಆದ್ದರಿಂದ ಆಯ್ಕೆ ದೊಡ್ಡದು, ಒಂದು ಷರತ್ತಿನ ಮೇಲೆ: ನಿಮ್ಮ ಹಿತ್ತಲಲ್ಲಿ ಮಳೆಗಾಲದ ನೀರು ನಿಲ್ಲುತ್ತದೆಯೋ ಹರಿದುಹೋಗುತ್ತದೆಯೋ ಎಂದು ಮೊದಲು ನೋಡಿಕೊಳ್ಳಬೇಕು. ನೀರಿನ ಮಾತೂ ಅಷ್ಟೇ. ಬೇರು ಇಳಿದ ಮೇಲೆ ಈ ಗಿಡಗಳು ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ, ನಿಜ. ಮೊದಲ ಬೇಸಿಗೆಯಲ್ಲಿ ಮಾತ್ರ ನೀರು ಹಾಕಲೇಬೇಕು. ಮಿರ್ಗದ ಮಳೆ ಹಿಡಿದಾಗ ಹಚ್ಚಿ, ಮಾರ್ಚಿನಲ್ಲಿ ಮರೆತವರೇ "ನಾಟಿ ಗಿಡ ಬರೋದಿಲ್ರಿ" ಅನ್ನುವವರು.

ನಾಟಿ ಗಿಡಕ್ಕೆ ಅಂದವಿಲ್ಲ ಎಂಬ ದೂರಿಗೆ ವಾದ ಬೇಕಿಲ್ಲ, ಹೂ ತೋರಿಸಿದರೆ ಸಾಕು. ಚಳಿ ಮುಗಿಯುತ್ತ ಬಂದಂತೆ ಘಟ್ಟದ ಇಳಿಜಾರುಗಳಲ್ಲಿ ಧಾತಕಿಯ ಟೊಂಗೆ ಉದ್ದಕ್ಕೂ ಕೆಂಪು ಹೂ. ಆಯುರ್ವೇದದ ಅರಿಷ್ಟಗಳು ಹುದುಗಲು ಹಾಕುವುದು ಇದನ್ನೇ. ಸೂರಕ್ಕಿಗಳು ಇದಕ್ಕೆ ಮುಗಿಬೀಳುತ್ತವೆ. ಅದೇ ಹೊತ್ತಿಗೆ ಅಂಜನಿಯ ಕೊಂಬೆಗೆ ನೀಲಿ ಹೂ ಮೆತ್ತಿಕೊಳ್ಳುತ್ತದೆ. ಬೇಸಿಗೆಗೆ ಕಾಡುಮಲ್ಲಿಗೆ, ಮಳೆಗಾಲಕ್ಕೆ ಬೆಳ್ಳಟ್ಟಿ. ಬೆಳ್ಳಟ್ಟಿಯ ಆ ದೊಡ್ಡ ಬಿಳಿ ಭಾಗ ಹೂವಿನ ಎಸಳಲ್ಲ, ಅಗಲವಾದ ಪುಷ್ಪಪತ್ರ. ನಿಜವಾದ ಹೂ ಅದರ ಪಕ್ಕದ ಸಣ್ಣ ಕಿತ್ತಳೆ ನಕ್ಷತ್ರ.

ಚಿಟ್ಟೆಗಳ ವಿಷಯದ ತಪ್ಪು ತಿಳಿವಳಿಕೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬಣ್ಣದ ಹೂ ಹಚ್ಚಿದರೆ ಚಿಟ್ಟೆ ಬರುತ್ತವೆ, ಅಷ್ಟೇ ಸಾಕು ಎಂದು ಜನ ತಿಳಿದಿದ್ದಾರೆ. ಮಕರಂದ ಹೀರಲು ಚಿಟ್ಟೆ ಯಾವ ಹೂವಿಗಾದರೂ ಬಂದೀತು, ಲಂಟಾನಾಕ್ಕೂ ಬರುತ್ತದೆ. ಆದರೆ ಮೊಟ್ಟೆ ಇಡುವುದು ಹುಳುವಿಗೆ ತಿನ್ನಲು ಬರುವ ಎಲೆಯ ಮೇಲೆ ಮಾತ್ರ. ಎಕ್ಕದ ಎಲೆ ಪ್ಲೇನ್ ಟೈಗರ್ ಚಿಟ್ಟೆಯ ಹುಳುವಿಗೆ, ಬೆಳ್ಳಟ್ಟಿಯ ಎಲೆ ಕಮಾಂಡರ್ ಚಿಟ್ಟೆಯ ಹುಳುವಿಗೆ, ಈಶ್ವರ ಬಳ್ಳಿ ನಮ್ಮ ರಾಜ್ಯ ಚಿಟ್ಟೆಯಾದ ಸಹ್ಯಾದ್ರಿಯ ದೊಡ್ಡ ಬರ್ಡ್‌ವಿಂಗ್‌ನ ಹುಳುವಿಗೆ. ಆಸ್ಟ್ರೇಲಿಯಾದಲ್ಲಿ ಈ ಚಿಟ್ಟೆಯ ಬಂಧು ರಿಚ್‌ಮಂಡ್ ಬರ್ಡ್‌ವಿಂಗ್ ಪಟ್ಟ ಪಾಡು ಕೇಳಿ. ಅಲ್ಲಿನವರು ಈಶ್ವರ ಬಳ್ಳಿಯ ಜಾತಿಯದೇ ಒಂದು ದಕ್ಷಿಣ ಅಮೆರಿಕದ ಬಳ್ಳಿಯನ್ನು ಚೆಂದದ ಹೂವಿಗೆಂದು ತೋಟಗಳಲ್ಲಿ ಹಬ್ಬಿಸಿದರು. ತಾಯಿ ಚಿಟ್ಟೆ ತನ್ನದೇ ಬಳ್ಳಿ ಎಂದು ಮೋಸಹೋಗಿ ಮೊಟ್ಟೆ ಇಟ್ಟಿತು. ಎಲೆ ತಿಂದ ಹುಳುಗಳು ವಿಷವೇರಿ ಸತ್ತವು.

ಕರಿಬೇವಿನ ಗಿಡ ಎಲ್ಲರ ಮನೆಯಲ್ಲೂ ಇದೆ, ಅದನ್ನೇ ಹತ್ತಿರದಿಂದ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ ಕಲೆಯೊಂದು ಕೂತಿರುತ್ತದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆ ಹುಳು. ಹಕ್ಕಿಗಳು ಹಿಕ್ಕೆ ಎಂದೇ ಬಿಟ್ಟುಹೋಗಲಿ ಎಂಬ ವೇಷ. ಬಲಿತಂತೆ ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬೊಂದು ಹೊರಬಂದು ಗಬ್ಬು ವಾಸನೆ ಹೊಡೆಯುತ್ತದೆ. ಇದನ್ನು ಕಂಡ ಕೂಡಲೇ ಔಷಧಿ ಹೊಡೆಯಲು ಓಡುವವರೇ "ಈಗೀಗ ಚಿಟ್ಟೆ ಕಾಣಂಗಿಲ್ರಿ" ಎಂದೂ ಹೇಳುತ್ತಾರೆ. ನಾಲ್ಕು ಎಲೆ ಹೋದರೆ ಕರಿಬೇವು ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಗುಬ್ಬಿಯೂ ಮರಿಗಳಿಗೆ ಮೊದಲು ತಿನ್ನಿಸುವುದು ಕಾಳನ್ನಲ್ಲ, ಹುಳುವನ್ನು. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ಸುತ್ತಲಿನ ಮನೆತೋಟಗಳ ಒಂದು ಅಧ್ಯಯನ ಪ್ರಕಟವಾಯಿತು. ತೋಟದ ಸಸ್ಯರಾಶಿಯಲ್ಲಿ ಸ್ಥಳೀಯ ಗಿಡಗಳ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯ ಸಂತತಿ ತನ್ನ ಸಂಖ್ಯೆ ಉಳಿಸಿಕೊಳ್ಳಲಾರದು ಎಂದು ಅದರಲ್ಲಿ ಕಂಡುಬಂತು. ನಮ್ಮ ಹಕ್ಕಿಗಳಿಗೂ ಅದೇ ಅಂಕಿ ಎಂದು ಹೇಳಲು ಬಾರದು, ದಾರಿ ಅದೇ.

ಹೂವಿದ್ದರೆ ಜೇನು ಬಂದು ಎಲ್ಲ ಕೆಲಸ ಮುಗಿಸುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ತಂಗಡಿಯ ಹಳದಿ ಹೂವಿನಲ್ಲಿ ಮಕರಂದವಿಲ್ಲ. ಪರಾಗ ಕೇಸರದ ತುದಿಯ ಸಣ್ಣ ತೂತಿನೊಳಗೆ ಬಂದ್ ಆಗಿರುತ್ತದೆ. ಮರ ಕೊರೆದು ಗೂಡು ಮಾಡುವ ಆ ದೊಡ್ಡ ಕರಿ ದುಂಬಿ ಬಂದು ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆ ಬಿಚ್ಚದೆ ಮೈ ನಡುಗಿಸುತ್ತದೆ. ಹಾರುವಾಗಿನ ಗುಂಯ್ ಸದ್ದು ಆಗ ಒಮ್ಮೆಲೆ ಕೀರಲಾಗುತ್ತದೆ, ಪರಾಗ ಚಿಮ್ಮಿ ಅದರ ಹೊಟ್ಟೆಗೆ ಮೆತ್ತುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು.

ಕನಕಾಂಬರ ಎಲ್ಲ ಒಂದೇ ಎಂಬ ತಿಳಿವಳಿಕೆಯೂ ಸರಿಯಲ್ಲ. ನೆರೆಯ ಮರಾಠಿಗರು ಅಬೋಲಿ ಎನ್ನುವ ಈ ಹೂ ದಕ್ಷಿಣ ಭಾರತದ್ದೇ. ಊರ ಕನಕಾಂಬರದ ಒಣಗಿದ ಕಾಯಿಗೆ ನೀರು ಚಿಮುಕಿಸಿದರೆ ಪಟ್ ಎಂದು ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಟೊಂಗೆಯಿಂದಲೇ ಮಾಡಬೇಕು.

ಪರಿಮಳದ ಗಿಡಕ್ಕೆ ಹಾವು ಬರುತ್ತದೆ ಎಂಬ ಭಯ ಪಾರಿಜಾತ, ಮಲ್ಲಿಗೆ, ಕೇದಗೆ ಎಲ್ಲವನ್ನೂ ಹಿತ್ತಲಿನಿಂದ ಓಡಿಸಿದೆ. ಹಾವಿಗೆ ಹೂ ಬೇಕಿಲ್ಲ. ಅದು ನಾಲಿಗೆ ಚಾಚಿ ಹುಡುಕುವುದು ಇಲಿ, ಕಪ್ಪೆ, ಹಲ್ಲಿಯ ವಾಸನೆಯನ್ನು. ಕೇದಗೆ ಬೆಳೆಯುವುದು ಕಪ್ಪೆಗಳಿರುವ ಜವುಗಿನಲ್ಲಿ, ಅದಕ್ಕೇ ಅಲ್ಲಿ ಹಾವು. ಹಾವಿನ ಚಿಂತೆ ಇದ್ದವರು ಗಿಡದ ಬುಡ ಚೊಕ್ಕಟವಾಗಿಡಲಿ, ಕಟ್ಟಿಗೆ ಇಟ್ಟಿಗೆಯ ಗುಡ್ಡೆ ತೆಗೆಯಲಿ.

ಹೆದರಬೇಕಾದಲ್ಲಿ ಮಾತ್ರ ನಾವು ಹೆದರುವುದಿಲ್ಲ. ನಮ್ಮ ಗಿಡ ಅಂದರೆ ಔಷಧಿಯೇ, ವಿಷವಿಲ್ಲ ಎಂಬ ಧೈರ್ಯ. ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆ ಅಪ್ಪಟ ನಮ್ಮ ಬಳ್ಳಿ. ಅದರ ಎಲ್ಲ ಭಾಗದಲ್ಲೂ ಕೋಲ್ಚಿಸಿನ್ ಎಂಬ ವಿಷವಿದೆ, ಗೆಡ್ಡೆಯಲ್ಲಂತೂ ಜೀವ ತೆಗೆಯುವಷ್ಟು. ಕಣಗಿಲೆಯೂ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಹೋಗಬೇಕಾದೀತು. ಸಣ್ಣ ಮಕ್ಕಳು, ದನಕರು ಇರುವ ಮನೆಯಲ್ಲಿ ಇವನ್ನು ಹಚ್ಚದಿರುವುದೇ ಲೇಸು.

ನಾಟಿ ಗಿಡ ಬೇಕೆಂದರೆ ಖಾನಾಪುರದ ಕಾಡಿಗೆ ಗುದ್ದಲಿ ಒಯ್ಯುವವರೂ ಇದ್ದಾರೆ. ಆ ಕಾಡಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. ಅಲ್ಲಿಂದ ಗಿಡ ಕೀಳುವುದು ಅಪರಾಧ. ಕಿತ್ತು ತಂದ ಗಿಡದ ಬೇರು ಹರಿದಿರುತ್ತದೆ, ಬಹಳಷ್ಟು ಬದುಕುವುದೂ ಇಲ್ಲ. ಪರಿಚಯದವರ ಹಿತ್ತಲಿನ ಟೊಂಗೆ, ಹೊಲದ ಬದುವಿನ ಬೀಜ ಸಾಕು.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವ ಹೆಸರು ಕವಳಿ. ಬೇಸಿಗೆಯಲ್ಲಿ ಖಾನಾಪುರ, ಚಂದಗಡದ ಕಡೆಯ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ಕರಿ ಹಣ್ಣಿನ ಅದೇ ಮುಳ್ಳುಗಿಡ. ಬೇಲಿಗೆ ತಂತಿ ಬೇಡ, ಆಡು ನುಗ್ಗುವುದಿಲ್ಲ. ಮಲ್ಲಿಗೆಯಂಥ ಬಿಳಿ ಹೂ, ಕಾಯಿಯ ಉಪ್ಪಿನಕಾಯಿ, ಹಣ್ಣು ಹಕ್ಕಿಗೂ ಮಕ್ಕಳಿಗೂ. ಹಣ್ಣು ತಿಂದ ಮೇಲೆ ಬೀಜ ತೊಳೆದು ತಡಮಾಡದೆ ಬಿತ್ತಿ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ಮೊಳೆಯುವ ಭರವಸೆ ಕಡಿಮೆ.