ಮ್ಯಾಗ್ನೆಟ್ ಅಂಟದಿದ್ದರೆ ಅಸಲಿ ಸ್ಟೀಲಾ? ಕರಾವಳಿಯಲ್ಲಿ ಗ್ಯಾಸ್ ಗ್ರಿಲ್ ಕೊಳ್ಳುವ ಮುನ್ನ ಓದಿ

"ಗ್ಯಾಸ್ ಗ್ರಿಲ್ ಕೊಳ್ಳಲು ಹೋಗುವಾಗ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ. ಅಂಟಿದರೆ ಅದು ಡೂಪ್ಲಿಕೇಟ್. ಅಂಟದಿದ್ದರೆ ಅಸಲಿ ಸ್ಟೀಲ್, ಎಂದಿಗೂ ತುಕ್ಕು ಹಿಡಿಯುವುದಿಲ್ಲ. ಎಲ್ಲ ಗ್ರೂಪಿಗೂ ಕಳಿಸಿ."

ಇಂಥದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮ್ಮ ಗ್ರೂಪಿಗೆ ಬಂದದ್ದು ಹೊನ್ನಾವರದ ನಮ್ಮ ಮಾವ ಗ್ರಿಲ್ ಕೊಳ್ಳಲು ಹೊರಟಿದ್ದ ವಾರದಲ್ಲಿ. ಅವರು ಅಂಗಡಿಯಲ್ಲಿ ಮ್ಯಾಗ್ನೆಟ್ ಹಿಡಿದು ನೋಡಿದರು, ಅಂಟಲಿಲ್ಲ, ಖುಷಿಯಿಂದ ಮನೆಗೆ ತಂದರು. ಒಂದು ಮಳೆಗಾಲ ಕಳೆದ ಮೇಲೆ ಕವರ್ ತೆಗೆದರೆ ಮುಚ್ಚಳದ ತುಂಬ ಚಹಾ ಚೆಲ್ಲಿದಂಥ ಕಂದು ಕಲೆ. ಅದನ್ನು ಒರೆಸಿ ಬಂಗಡೆ ಸುಡಲು ಗ್ರಿಲ್ ಹಚ್ಚಿದರು. ಬೆಂಕಿ ಮೇಲೆ ಬರುವ ಬದಲು ಬರ್ನರ್ ಕೊಳವೆಯ ಅಡಿಯಿಂದ, ಗ್ಯಾಸ್ ಪೈಪ್ ಇರುವ ಕಡೆಗೇ ಬಂತು. ಕೊಳವೆಯ ಅಡಿಭಾಗ ತುಕ್ಕು ತಿಂದು ತೂತಾಗಿತ್ತು. ಅತ್ತೆ ಓಡಿಬಂದು ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

"ಮ್ಯಾಗ್ನೆಟ್ ಅಂಟಿರಲೇ ಇಲ್ಲವಲ್ಲ, ಮತ್ತೆ ಹೀಗೇಕಾಯ್ತು?" ಎಂದು ಮಾವ ನನ್ನನ್ನು ಕೇಳಿದರು. ಅವರಿಗೆ ಹೇಳಿದ ಉತ್ತರವೇ ಈ ಲೇಖನ.

ಮೊದಲು ತೀರ್ಪು

ಮೆಸೇಜ್ ತಪ್ಪು. ಮ್ಯಾಗ್ನೆಟ್ ಅಂಟುವುದಕ್ಕೂ ತುಕ್ಕು ಹಿಡಿಯುವುದಕ್ಕೂ ನೇರ ಸಂಬಂಧವಿಲ್ಲ. ಭಟ್ಕಳ, ಹೊನ್ನಾವರ, ಕುಮಟಾದಂಥ ಕಡಲ ಬದಿಯ ಊರುಗಳಲ್ಲಿ ಈ ಪರೀಕ್ಷೆಯನ್ನು ನಂಬಿದರೆ ಮೋಸ ಹೋಗುವ ಸಾಧ್ಯತೆ ಇನ್ನೂ ಹೆಚ್ಚು.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಏಕೆ ಹಿಡಿಯುವುದಿಲ್ಲ?

ಕಬ್ಬಿಣಕ್ಕೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಸೇರಿಸಿದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಎನಿಸಿಕೊಳ್ಳುತ್ತದೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಲೋಹದ ಮೇಲೆ ಒಂದು ಪೊರೆ ಕಟ್ಟುತ್ತದೆ. ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್, ನಮ್ಮ ಕೂದಲಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಗೀರು ಬಿದ್ದರೂ ಅದು ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ. ಕಬ್ಬಿಣವನ್ನು ಕಾಯುವುದು ಈ ಪೊರೆ. ಅದಕ್ಕೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ.

ಮ್ಯಾಗ್ನೆಟ್ ಅಂಟುತ್ತದೋ ಇಲ್ಲವೋ ಎನ್ನುವುದು ಲೋಹದೊಳಗೆ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎನ್ನುವುದರ ಮೇಲೆ ನಿಂತಿದೆ. ನಿಕಲ್ ಅಥವಾ ಮ್ಯಾಂಗನೀಸ್ ಸಾಕಷ್ಟು ಸೇರಿಸಿದರೆ ಆ ಜೋಡಣೆ ಬದಲಾಗಿ ಮ್ಯಾಗ್ನೆಟ್ ಅಂಟುವುದು ನಿಲ್ಲುತ್ತದೆ. ಎಡವಟ್ಟು ಆಗುವುದು ಇಲ್ಲೇ. ಮಾರುಕಟ್ಟೆಯಲ್ಲಿ ಸಿಗುವ ಮುಖ್ಯ ಬಗೆಗಳನ್ನು ನೋಡಿ:

- 430: ಕ್ರೋಮಿಯಂ ಶೇ. 16ರಿಂದ 18, ನಿಕಲ್ ಹೆಚ್ಚುಕಡಿಮೆ ಇಲ್ಲ. ಮ್ಯಾಗ್ನೆಟ್ ಅಂಟುತ್ತದೆ. ಆದರೂ ಇದು ಅಸಲಿ ಸ್ಟೇನ್‌ಲೆಸ್ ಸ್ಟೀಲೇ. ಒಳನಾಡಿಗೆ ಸಾಕು, ಕಡಲ ಬದಿಗೆ ಸಾಲದು.
- 201, 202: ದುಬಾರಿ ನಿಕಲ್ ಕಡಿಮೆ ಮಾಡಿ ಅಗ್ಗದ ಮ್ಯಾಂಗನೀಸ್ ಸೇರಿಸಿದ ಬಗೆ. ಮ್ಯಾಗ್ನೆಟ್ ಅಂಟುವುದಿಲ್ಲ. ಹೊಸದಿದ್ದಾಗ ಕನ್ನಡಿಯಂತೆ ಹೊಳೆಯುತ್ತದೆ. ಉಪ್ಪುಗಾಳಿಯಲ್ಲಿ ಮಾತ್ರ 304ರಷ್ಟು ಬಾಳುವುದಿಲ್ಲ.
- 304: ಕ್ರೋಮಿಯಂ ಸುಮಾರು ಶೇ. 18, ನಿಕಲ್ ಸುಮಾರು ಶೇ. 8. ಮ್ಯಾಗ್ನೆಟ್ ಸಾಮಾನ್ಯವಾಗಿ ಅಂಟುವುದಿಲ್ಲ. ಆದರೆ ತಗಡನ್ನು ಬಗ್ಗಿಸಿದ ಮೂಲೆಗಳಲ್ಲಿ ಸ್ವಲ್ಪ ಎಳೆಯಬಹುದು. ಅಂದರೆ ಒಳ್ಳೆಯ ಸ್ಟೀಲೇ ಪರೀಕ್ಷೆಯಲ್ಲಿ ಫೇಲ್ ಆಗಬಹುದು.
- 316: ಇದಕ್ಕೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಕೂಡ ಸೇರಿರುತ್ತದೆ. ದೋಣಿ, ಹಡಗಿನ ಸಾಮಾನುಗಳಿಗೆ ಬಳಸುವ ಬಗೆ. ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹೆಚ್ಚು.

ಅಲ್ಯೂಮಿನಿಯಂಗೂ ಮ್ಯಾಗ್ನೆಟ್ ಅಂಟುವುದಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ. ಮಾವನ ಮ್ಯಾಗ್ನೆಟ್ ಸುಳ್ಳು ಹೇಳಿರಲಿಲ್ಲ. ಅದಕ್ಕೆ 202 ಮತ್ತು 304ರ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ, ಅಷ್ಟೇ. ನಮಗೆ ಬೇಕಾದದ್ದು ಮಾತ್ರ ಆ ವ್ಯತ್ಯಾಸವೇ.

ನಮ್ಮ ಕಡೆಯ ಗಾಳಿಯಲ್ಲಿ ಏನಿದೆ?

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪಾಗುವುದು ಇದೇ ನೀರು. ಅಲೆ ಒಡೆದಾಗ ಹಾರುವ ಸಣ್ಣ ಸಣ್ಣ ಹನಿಗಳು ಗಾಳಿಯ ಜೊತೆ ಬಂದು ನಮ್ಮ ಕಿಟಕಿಯ ಸರಳು, ಬೈಕಿನ ಚೈನು, ಹಿತ್ತಲಲ್ಲಿಟ್ಟ ಗ್ರಿಲ್ ಎಲ್ಲದರ ಮೇಲೂ ಕೂರುತ್ತವೆ. ನೀರು ಆರಿದರೂ ಉಪ್ಪು ಉಳಿಯುತ್ತದೆ.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವುದು ನಿಮಗೆ ಗೊತ್ತು. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ತೇವ ಇದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಗ್ರಿಲ್ ಮೇಲೆ ಕೂತ ಉಪ್ಪೂ ಹೀಗೆಯೇ ನೀರೊಡೆದು, ಕಣ್ಣಿಗೆ ಕಾಣದಷ್ಟು ತೆಳುವಾಗಿ ಲೋಹದ ಮೇಲೆ ಹರಡುತ್ತದೆ. ಅದರಲ್ಲಿರುವ ಕ್ಲೋರೈಡ್ ಕ್ರೋಮಿಯಂ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸಣ್ಣ ಗುಳಿ ಮಾಡುತ್ತದೆ. ಗುಳಿಯೊಳಗೆ ಆಮ್ಲಜನಕ ಕಡಿಮೆ, ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಆದ್ದರಿಂದ ಹೊರಗಿನಿಂದ ಚುಕ್ಕಿಯಂತೆ ಕಂಡದ್ದು ಒಳಗೆ ತೂತಾಗಿರಬಹುದು.

ಇನ್ನೊಂದು ವಿಚಿತ್ರ ಗಮನಿಸಿ. ಮಳೆಗೆ ನೇರ ಒಡ್ಡಿಕೊಂಡ ಸ್ಟೀಲಿಗಿಂತ ಮಾಡಿನ ಕೆಳಗೆ ನೆನೆಯದಂತೆ ಇಟ್ಟ ಸ್ಟೀಲಿಗೆ ಹಲವು ಬಾರಿ ಬೇಗ ಕಲೆ ಹಿಡಿಯುತ್ತದೆ. ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಮಾಡಿನಡಿಯ ಗ್ರಿಲ್‌ಗೆ ಉಪ್ಪುಗಾಳಿ ತಾಗುತ್ತದೆ, ಮಳೆ ತಾಗುವುದಿಲ್ಲ. ಮಾವ ಮೇ ತಿಂಗಳ ಕೊನೆಗೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿದ್ದರು. ಉಪ್ಪು ಮತ್ತು ತೇವ ಎರಡೂ ಒಳಗೇ ನಾಲ್ಕು ತಿಂಗಳು ಉಳಿದವು.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು?

ಗ್ರೇಡ್ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. "ಸ್ಟೀಲಾ?" ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಬರ್ನರ್ 304 ಹೌದಾ? ಬಿಲ್ಲಿನಲ್ಲಿ ಬರೆದುಕೊಡಿ" ಎಂದು ಕೇಳಿ. ಅನುಮಾನವಿದ್ದರೆ, ಲೋಹದ ಮೇಲೆ ಒಂದು ಹನಿ ದ್ರಾವಣ ಹಾಕಿ ಸಣ್ಣ ಬ್ಯಾಟರಿ ತಾಗಿಸಿ ಬಣ್ಣ ನೋಡುವ ಕಿಟ್‌ಗಳಿವೆ. ಸ್ಟೀಲ್ ವ್ಯಾಪಾರಿಗಳು 202 ಮತ್ತು 304 ಬೇರೆ ಮಾಡಲು ಇವನ್ನು ಬಳಸುತ್ತಾರೆ.

ಮುಚ್ಚಳಕ್ಕಿಂತ ಮೊದಲು ಬರ್ನರ್ ನೋಡಿ. ಕಣ್ಣಿಗೆ ಬೀಳುವ ಮುಚ್ಚಳಕ್ಕೆ ಒಳ್ಳೆಯ ಸ್ಟೀಲ್, ಒಳಗಿನ ಬರ್ನರಿಗೆ ಅಗ್ಗದ್ದು ಎನ್ನುವಂಥ ಗ್ರಿಲ್‌ಗಳೂ ಇವೆ. ಆದರೆ ಬೆಂಕಿ, ಉಪ್ಪುಗಾಳಿ, ಮೀನಿನ ಮಸಾಲೆಯಿಂದ ಸೋರುವ ಉಪ್ಪುನೀರು ಎಲ್ಲವನ್ನೂ ತಿನ್ನುವುದು ಬರ್ನರ್. ಜಾಲರಿ ಎತ್ತಿ ನೋಡಿ. ಕೊಳವೆಯ ಗೋಡೆ ದಪ್ಪವಿರಬೇಕು. ಬೆಸುಗೆ ಒಂದೇ ಸಮ ಇರಬೇಕು. ತೂತುಗಳು ಒಂದೇ ಅಳತೆಯಲ್ಲಿರಬೇಕು. ಬರ್ನರ್ ಮೇಲೆ ಕೊಬ್ಬು ನೇರವಾಗಿ ಬೀಳದಂತೆ ತಗಡಿನ ಮರೆಯಿರಬೇಕು. ಬರ್ನರ್ ಬಿಚ್ಚಿ ಬದಲಿಸಲು ಬರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದೂ ಕೇಳಿ.

ಸ್ಕ್ರೂಗಳನ್ನು ನೋಡಿ. ಒಳ್ಳೆಯ ತಗಡಿಗೆ ಅಗ್ಗದ ಸ್ಕ್ರೂ ಹಾಕಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಅಲುಗಾಡಿಸಿ ನೋಡಿ. ಎರಡೂ ಬದಿ ಹಿಡಿದು ಅಲ್ಲಾಡಿಸಿ. ಸ್ಟ್ಯಾಂಡ್ ತೂಗಾಡಬಾರದು. ಮುಚ್ಚಳ ಹಾಕಿದಾಗ ತಗಡಿನ ಡಬ್ಬಿಯಂತೆ ಸದ್ದಾದರೆ ಅದು ತೆಳು ಎಂದರ್ಥ. ತೆಳು ಮುಚ್ಚಳ ಗಾಳಿ ಬೀಸಿದಾಗ ಶಾಖ ಹಿಡಿದಿಡುವುದಿಲ್ಲ.

ಎಣ್ಣೆ ಎಲ್ಲಿಗೆ ಹೋಗುತ್ತದೆ? ಸೋರಿದ ಕೊಬ್ಬು ಇಳಿದು ಬಂದು ಒಂದು ಟ್ರೇಗೆ ಬೀಳಬೇಕು. ಆ ಟ್ರೇ ಸುಲಭವಾಗಿ ಹೊರಗೆ ಬರಬೇಕು. ಒಳಗೇ ನಿಂತ ಕೊಬ್ಬಿಗೆ ಬೆಂಕಿ ಹತ್ತುವುದು ಗ್ರಿಲ್ ಅವಘಡಗಳಿಗೆ ಒಂದು ಮುಖ್ಯ ಕಾರಣ.

ಬಿಟಿಯು ಸಂಖ್ಯೆಗೆ ಮರುಳಾಗಬೇಡಿ. ಅದು ಗ್ರಿಲ್ ಗಂಟೆಗೆ ಎಷ್ಟು ಗ್ಯಾಸ್ ಉರಿಸಬಲ್ಲದು ಎಂಬ ಲೆಕ್ಕ. ಅಡುಗೆ ಎಷ್ಟು ಚೆನ್ನಾಗಿ ಆಗುತ್ತದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. 36,000 ಬಿಟಿಯು ಅಂದರೆ ಸುಮಾರು 10.5 ಕಿಲೋವಾಟ್. ಪೂರ್ತಿ ಉರಿಯಲ್ಲಿಟ್ಟರೆ ಗಂಟೆಗೆ ಸುಮಾರು 0.8 ಕೆ.ಜಿ. ಗ್ಯಾಸ್ ಬೇಕು. 14.2 ಕೆ.ಜಿ.ಯ ಸಿಲಿಂಡರ್ ಸುಮಾರು 17 ಗಂಟೆಯಲ್ಲಿ ಖಾಲಿ.

ಗಲ್ಫ್‌ನಿಂದ ತಂದ ಗ್ರಿಲ್ ಇದ್ದರೆ

ಭಟ್ಕಳದಲ್ಲಿ ಗಲ್ಫ್‌ನಲ್ಲಿ ದುಡಿಯುವವರು ಇರುವ ಮನೆಗಳು ಬಹಳ. ಅಲ್ಲಿಂದ ಗ್ರಿಲ್ ತರಿಸಿಕೊಂಡರೆ ಸ್ಟೀಲಿಗಿಂತ ಮೊದಲು ನೋಡಬೇಕಾದದ್ದು ಹಿಂಬದಿಯ ಲೇಬಲ್. ನಮ್ಮ ಮನೆಬಳಕೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಕೊಡುತ್ತದೆ. ಲೇಬಲ್‌ನಲ್ಲಿ 28–30 ಮಿಲಿಬಾರ್ ಎಂದಿದ್ದರೆ ಹೊಂದುತ್ತದೆ. 50 ಎಂದಿದ್ದರೆ ಉರಿ ಸಪ್ಪೆಯಾಗುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಮಾಡಿದ ಗ್ರಿಲ್ ಆಗಿದ್ದರೆ ಅದರ ಜೆಟ್ ತೂತುಗಳು ದೊಡ್ಡವಿರುತ್ತವೆ. ಅದಕ್ಕೆ ಸಿಲಿಂಡರ್ ಗ್ಯಾಸ್ ಕೊಟ್ಟರೆ ಉರಿ ಅಪಾಯಕಾರಿಯಾಗಿ ಏಳುತ್ತದೆ. ಉರಿ ಸಾಲದು ಎಂದು ಹೋಟೆಲ್ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಯಾವತ್ತೂ ಜೋಡಿಸಬೇಡಿ. ಪೈಪ್ ಐಎಸ್ಐ ಗುರುತಿನದೇ ಇರಲಿ, ಅದರ ಮೇಲಿನ ಅವಧಿ ಮುಗಿಯುವ ಮೊದಲು ಬದಲಿಸಿ.

ಮನೆಗೆ ತಂದ ಮೇಲೆ

304 ಕೂಡ ನಮ್ಮ ಗಾಳಿಯಲ್ಲಿ ತಾನಾಗಿಯೇ ಬಾಳುವುದಿಲ್ಲ, ಸ್ವಲ್ಪ ಆರೈಕೆ ಬೇಕು.

- ವಾರಕ್ಕೊಮ್ಮೆಯಾದರೂ ಹೊರಭಾಗವನ್ನು ಸಿಹಿನೀರಿನಿಂದ ಒರೆಸಿ, ಒಣಬಟ್ಟೆಯಲ್ಲಿ ಆರಿಸಿ.
- ಮಳೆಗಾಲಕ್ಕೆ ಎತ್ತಿಡುವುದಾದರೆ ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡುವ ಹಾಗೆ ಮುಚ್ಚಿ. ಸಿಲಿಂಡರ್ ಬೇರ್ಪಡಿಸಿ.
- ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಅದರ ಚೂರು ಸ್ಟೀಲಿಗೆ ಅಂಟಿ ಅಲ್ಲೇ ತುಕ್ಕು ಹಿಡಿಯುತ್ತದೆ.
- "ನಿಂಬೆಹಣ್ಣನ್ನು ಉಪ್ಪಿಗೆ ಅದ್ದಿ ತಿಕ್ಕಿ" ಎನ್ನುವ ಫಾರ್ವರ್ಡ್ ಅರ್ಧ ನಿಜ. ನಿಂಬೆಯ ಹುಳಿ ಕಲೆ ತೆಗೆಯುತ್ತದೆ. ಉಪ್ಪು ಮಾತ್ರ ಹೊಸ ಗುಳಿಗೆ ದಾರಿ ಮಾಡುತ್ತದೆ. ಬರೀ ನಿಂಬೆ ಸಾಕು, ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ.
- ತಿಂಗಳುಗಟ್ಟಲೆ ಬಳಸದಿದ್ದರೆ ಬರ್ನರ್ ಕೊಳವೆಯೊಳಗೆ ಜೇಡ ಬಲೆ ಕಟ್ಟಬಹುದು, ಕಣಜ ಮಣ್ಣಿನ ಗೂಡು ಕಟ್ಟಬಹುದು. ಗ್ಯಾಸ್‌ಗೆ ದಾರಿ ತಪ್ಪಿ ಬೆಂಕಿ ಹಿಂದಕ್ಕೆ ಬರುತ್ತದೆ. ಹಚ್ಚುವ ಮುನ್ನ ಕೊಳವೆ ಬಿಚ್ಚಿ ನೋಡಿ. ತೂತಾಗಿದ್ದರೆ ಬೆಸುಗೆ ಹಾಕಿಸಬೇಡಿ, ಬರ್ನರ್ ಬದಲಿಸಿ.
- ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಕಡ್ಡಿ ಗೀರಿ ಪರೀಕ್ಷಿಸಬೇಡಿ.
- ಮುಚ್ಚಳ ತೆರೆದೇ ಹಚ್ಚಿ. ಹತ್ತದಿದ್ದರೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಮಳೆ ಬಂತೆಂದು ಉರಿಯುವ ಗ್ರಿಲ್ ಅನ್ನು ಮನೆಯೊಳಗೆ ಮಾತ್ರ ತರಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಸರಿಯಾಗಿ ಉರಿಯದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯಬಲ್ಲದು. ಗ್ಯಾಸ್ ಸೋರಿಕೆಯಾದರೆ ಸಹಾಯವಾಣಿ 1906, ಹಗಲೂ ರಾತ್ರಿ ಇರುತ್ತದೆ.

ಮಾವ ಈಗ ಬರ್ನರ್ ಬದಲಿಸಿದ್ದಾರೆ. ಈ ಸಲ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಂಡರು. ಮ್ಯಾಗ್ನೆಟ್ ಫ್ರಿಜ್ ಬಾಗಿಲಿಗೆ ಮರಳಿದೆ.

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ: ಮ್ಯಾಗ್ನೆಟ್ ಅಂಟದ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ಕಡಲ ಬದಿಯವರು 304 ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಮುಚ್ಚಳಕ್ಕಿಂತ ಮೊದಲು ಬರ್ನರ್ ನೋಡಿ, ಉಪ್ಪು ತೊಳೆದು ಒಣಗಿಸಿ ಇಡಿ. ಪ್ರತಿ ಮಳೆಗಾಲದ ಮೇಲೆ ಬರ್ನರ್ ಬಿಚ್ಚಿ ನೋಡದೆ ಹಚ್ಚಬೇಡಿ.