ಮೀನಿಗೆ ಎಷ್ಟು ಬೆಚ್ಚನೆಯ ನೀರು ಬೇಕು?

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಮಳೆಯ ನೀರನ್ನೋ ವಿಶ್ವೇಶ್ವರಯ್ಯ ನಾಲೆಯ ನೀರನ್ನೋ ನಂಬಿದ ಕೆರೆಗಳು ಅನೇಕವಾಗಿವೆ. ಅವುಗಳಲ್ಲಿ ಕಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮುಂತಾದ ಮೀನುಗಳನ್ನು ಸಾಕುವವರುಂಟು. ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವವರೂ ಉಂಟು. ಬೇಸಗೆಯ ಕೊನೆಯಲ್ಲಿ ಜೋರು ಮಳೆ ಬಿದ್ದ ಮಾರನೆಯ ಬೆಳಗ್ಗೆ ಕೆಲವು ಕೆರೆಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲುತ್ತವೆ. ವರ್ಷವೆಲ್ಲ ಸಾಕಿದ ಫಲ ಒಂದೇ ರಾತ್ರಿಯಲ್ಲಿ ಹಾಳಾಗುತ್ತದೆ. ಯಾರೋ ವಿಷ ಬೆರೆಸಿದರೆಂಬ ಶಂಕೆ ಹುಟ್ಟಿ ಊರಿನಲ್ಲಿ ಜಗಳವೂ ಆಗಬಹುದು. ಆದರೆ ವಿಷವಿಲ್ಲದೆಯೇ ಇಂತಹ ಸಾವು ಸಂಭವಿಸಬಲ್ಲದು. ಅದರ ಕಾರಣವನ್ನು ನೀರಿನ ಉಷ್ಣತೆಯಲ್ಲಿ ಹುಡುಕಬೇಕು.

ಹೊರಗೆ ಚಳಿಯಿರಲಿ ಸೆಕೆಯಿರಲಿ, ನಮ್ಮ ಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ನಿಲ್ಲುತ್ತದೆ. ಮೀನಿಗೆ ಈ ಸೌಕರ್ಯವಿಲ್ಲ; ನೀರಿನ ಉಷ್ಣತೆಯೇ ಅದರ ಮೈಯ ಉಷ್ಣತೆ. ನೀರು 10 ಡಿಗ್ರಿ ಬಿಸಿಯಾದರೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇತ್ತ ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರು ನೀರು ವಾಯುವಿನಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ ಮಾತ್ರ. ಮಂಡ್ಯ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು ಇಲ್ಲಿಯ ವಾಯುಭಾರ ಕಡಿಮೆಯಾದುದರಿಂದ, ಇದು ಸುಮಾರು 7 ಮಿಲಿಗ್ರಾಮಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಮೀನಿನ ಖರ್ಚು ಏರುತ್ತದೆ, ವರಮಾನ ಇಳಿಯುತ್ತದೆ.

ಹಾಗಾದರೆ ತಣ್ಣನೆಯ ನೀರೇ ಮೇಲೆಂದು ತಿಳಿಯಬಾರದು. ಕಟ್ಲ, ರೋಹು, ಮೃಗಾಲ್‌ಗಳು ಚೆನ್ನಾಗಿ ತಿಂದು ಬೆಳೆಯುವುದು 25ರಿಂದ 30 ಡಿಗ್ರಿಯ ನೀರಿನಲ್ಲಿ. 20ಕ್ಕಿಂತ ಕೆಳಗಿಳಿದರೆ ಅವುಗಳ ಹಸಿವು ಕುಗ್ಗುತ್ತದೆ. ಗಾಜಿನ ತೊಟ್ಟಿಯ ಚಿನ್ನದ ಮೀನು ಗೆಂಡೆಯ ಬಳಗದ್ದು, ಚೀನಾ ಮೂಲದ್ದು. ಅದಕ್ಕೆ 18ರಿಂದ 24 ಡಿಗ್ರಿ ಹಿತ. ಗಪ್ಪಿ, ಏಂಜೆಲ್ ಮೀನುಗಳಿಗೆ 24ರಿಂದ 28 ಸಾಕು. ಅಮೆಜಾನ್ ನದಿಯ ಡಿಸ್ಕಸ್‌ಗೆ 28ರಿಂದ 30 ಬೇಕು. ಚಿನ್ನದ ಮೀನನ್ನೂ ಡಿಸ್ಕಸನ್ನೂ ಒಂದೇ ತೊಟ್ಟಿಯಲ್ಲಿ ಸಾಕಿದರೆ ಎರಡರಲ್ಲೊಂದು ಕಷ್ಟಪಡಲೇಬೇಕು.

ಉಷ್ಣತೆಯ ಪ್ರಮಾಣದಷ್ಟೇ ಅದು ಬದಲಾಗುವ ವೇಗವೂ ಮುಖ್ಯ. ನೂರು ಲೀಟರು ನೀರನ್ನು 100 ವಾಟ್ ಹೀಟರಿನಿಂದ ಒಂದು ಡಿಗ್ರಿ ಏರಿಸಲು, ಶಾಖವೇನೂ ಸೋರಿಹೋಗದಿದ್ದರೂ, 70 ನಿಮಿಷ ಬೇಕು. ನೀರಿನ ಈ ನಿಧಾನಗತಿಯೇ ಮೀನಿಗೆ ರಕ್ಷೆ. ಐದು ಲೀಟರಿನ ಬುರುಡೆಗೆ ಈ ರಕ್ಷೆ ಇಲ್ಲ. ಅದು ಕೋಣೆಯ ಗಾಳಿಯೊಡನೆ ಬೇಗ ಬೇಗ ಕಾದು ಆರುತ್ತದೆ. ಹೊಸ ಮೀನನ್ನು ತಂದಾಗ ಅದರ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಬಿಟ್ಟು, ಎರಡೂ ನೀರುಗಳ ಉಷ್ಣತೆ ಒಂದಾದ ಮೇಲೆಯೇ ಮೀನನ್ನು ಹೊರಬಿಡಬೇಕು.

ಈಗ ಕೆರೆಯ ಪ್ರಶ್ನೆಗೆ ಬರೋಣ. 25 ಡಿಗ್ರಿಯ ಒಂದು ಲೀಟರು ನೀರಿಗಿಂತ 35 ಡಿಗ್ರಿಯ ಒಂದು ಲೀಟರು ನೀರು ಸುಮಾರು 3 ಗ್ರಾಂ ಹಗುರ. ಆದುದರಿಂದ ಬಿಸಿಲಿಗೆ ಕಾದ ನೀರು ಮೇಲೆಯೇ ನಿಲ್ಲುತ್ತದೆ. ತಣ್ಣನೆಯ ನೀರು ತಳದಲ್ಲಿ ಗಾಳಿಯ ಸಂಪರ್ಕವಿಲ್ಲದೆ ಉಳಿಯುತ್ತದೆ. ಅಲ್ಲಿ ಕೊಳೆಯುವ ಎಲೆ, ಗೊಬ್ಬರ, ಉಳಿದ ಆಹಾರಗಳು ಇದ್ದ ಆಮ್ಲಜನಕವನ್ನೆಲ್ಲ ಹೀರುತ್ತವೆ. ಆಗ ಗಾಳಿಮಳೆ ಬಂದರೆ ಮೇಲಿನ ನೀರು ತಟ್ಟನೆ ತಣಿದು ಕೆಳಗಿಳಿಯುತ್ತದೆ. ತಳದ ನೀರು ಮೇಲೆದ್ದು ಕೆರೆಯೆಲ್ಲ ಒಂದಾಗುತ್ತದೆ. ಮೋಡ ಕವಿದ ದಿನ ಪಾಚಿಯೂ ಸಾಕಷ್ಟು ಆಮ್ಲಜನಕವನ್ನು ತಯಾರಿಸದು. ರಾತ್ರಿ ಅದೂ ಉಸಿರಾಡುತ್ತದೆ. ಬೆಳಗಿನ ಜಾವಕ್ಕೆ ಮೀನಿನ ಪಾಲಿಗೆ ಏನೂ ಉಳಿದಿರುವುದಿಲ್ಲ.

ಈ ಅಪಾಯವನ್ನು ಮುಂಚೆಯೇ ಅರಿಯಲು ಒಂದು ಉಷ್ಣಮಾಪಕ, ಒಂದು ಬಾಟಲಿ, ಒಂದು ಹಗ್ಗ ಸಾಕು. ಬಾಟಲಿಗೆ ಕಲ್ಲು ಕಟ್ಟಿ ಆಳಕ್ಕಿಳಿಸಿ, ಅಲ್ಲಿಯೇ ಅದರ ಬಿರಡೆಯನ್ನು ದಾರದಿಂದ ಸೆಳೆದು ನೀರು ತುಂಬಿಸಿ, ಮೇಲೆತ್ತಿದೊಡನೆ ಅಳೆಯಬೇಕು. ಮೇಲ್ಮೈಯ ನೀರನ್ನೂ ಅಳೆಯಬೇಕು. ಮಧ್ಯಾಹ್ನ ಎರಡಕ್ಕೂ ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ. ಸೂರ್ಯೋದಯಕ್ಕೆ ಮುಂಚೆ ಅದು ಅಳಿಸಿಹೋಗಿದ್ದರೆ ಕೆರೆಯ ನೀರು ಪ್ರತಿ ರಾತ್ರಿಯೂ ಬೆರೆಯುತ್ತಿದೆ, ಅಷ್ಟು ಭಯವಿಲ್ಲ. ಬೆಳಗ್ಗೆಯೂ ಎರಡು ಮೂರು ಡಿಗ್ರಿಯ ವ್ಯತ್ಯಾಸ ದಿನದಿನವೂ ನಿಂತಿದ್ದರೆ ತಳದಲ್ಲಿ ಕೆಟ್ಟ ನೀರು ಶೇಖರವಾಗುತ್ತಿದೆಯೆಂದು ಎಚ್ಚರಗೊಳ್ಳಬೇಕು.

ಆಗ ಮಾಡಬೇಕಾದುದು ಇಷ್ಟು: ಗೊಬ್ಬರ ಹಾಕುವುದನ್ನು ನಿಲ್ಲಿಸುವುದು, ಆಹಾರವನ್ನು ಕಡಿಮೆ ಮಾಡುವುದು, ಬೆಳೆದ ಮೀನುಗಳನ್ನು ಮಳೆಗೆ ಮುಂಚೆಯೇ ಹಿಡಿದು ಮಾರುವುದು. ಬೆಳಗಿನ ಜಾವ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಡಮಾಡದೆ ಪಂಪ್‌ಸೆಟ್ಟಿನಿಂದ ಮೇಲ್ಭಾಗದ ನೀರನ್ನೆತ್ತಿ ತುಂತುರಾಗಿ ಕೆರೆಗೇ ಬೀಳಿಸಬೇಕು. ಹನಿಹನಿಯೂ ಗಾಳಿಯಿಂದ ಆಮ್ಲಜನಕವನ್ನು ಹೊತ್ತು ತರುತ್ತದೆ. ಮೀನುಗಳು ಸತ್ತ ಮೇಲೆ ನೆರೆಯವನನ್ನು ಸಂದೇಹಿಸುವುದಕ್ಕಿಂತ, ಮಳೆಗೆ ಮುಂಚೆ ಕೆರೆಯ ತಳವನ್ನು ಅಳೆದು ನೋಡುವುದು ಲೇಸು.